ನಮ್ಮ ಮನೆ ಅಡಿ ನೆಲ ಎಷ್ಟು ಅಲುಗಾಡ್ತದೆ? ಕೊಡಗಿನ ಓದುಗರ ಪ್ರಶ್ನೆ, ನಮ್ಮ ಉತ್ತರ

ಭೂಕಂಪದ ಬಗ್ಗೆ ಏನಾದ್ರೂ ಕೇಳೋದಿದ್ರೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ವಿ. ಕೊಡಗಿನಿಂದ ಬಂದಷ್ಟು ಪತ್ರ, ವಾಟ್ಸಾಪ್ ಮೆಸೇಜು ಬೇರೆ ಯಾವ ಜಿಲ್ಲೆಯಿಂದಲೂ ಬಂದಿಲ್ಲ, ಹಾಗಾಗಿ ಈ ಸಲ ಪೂರ್ತಿ ಕೊಡಗಿನವರಿಗೇ ಮೀಸಲು. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೇವೆ, ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಚೆಂಬು): ನಮಸ್ಕಾರ ಸರ್. ನಮ್ದು ಸ್ವಲ್ಪ ಕಾಫಿ, ಅಡಿಕೆ ತೋಟ. 2022ರ ಜೂನ್ ಕೊನೆಯಲ್ಲಿ ನಮ್ಮ ಕಡೆ, ಸಂಪಾಜೆ, ಕರಿಕೆ ಕಡೆ ಎಲ್ಲ ಸಾಲಾಗಿ ಭೂಮಿ ನಡುಗಿತ್ತಲ್ಲ, ಆಗ ದೊಡ್ಡ ಶಬ್ದ ಬಂದು ಅಟ್ಟದಲ್ಲಿದ್ದ ಪಾತ್ರೆ ಗಡಗಡ ಅಂದು ಎಲ್ರೂ ಅಂಗಳಕ್ಕೆ ಓಡಿದ್ವಿ. ಮಡಿಕೇರಿಲಿರೋ ಭಾವನಿಗೆ ಫೋನ್ ಮಾಡಿದ್ರೆ ಅವ್ರಿಗೆ ಏನೂ ಗೊತ್ತೇ ಆಗಿರ್ಲಿಲ್ಲ. ಟೀವಿಲಿ ಇಬ್ಬರಿಗೂ ಒಂದೇ ನಂಬರ್ ಹೇಳ್ತಾರೆ. ಹಾಗಾದ್ರೆ ನಮ್ಮ ಮನೆ ಹತ್ರ ಎಷ್ಟು ನಡುಗಿತು ಅಂತ ಮಿಷನ್ ಇಲ್ಲದೆ ಹೇಳ್ಲಿಕ್ಕೆ ಆಗ್ತದಾ?

ಉತ್ತರ: ಆಗ್ತದೆ, ಅಂದಾಜಿಗೆ. ಆ ಅಂದಾಜು ಹೇಗೆ ಮಾಡ್ತಾರೆ ಅಂತ ಗೊತ್ತಾದ್ರೆ ನಿಮ್ಮ ಭಾವನ ಮಾತೂ ನಿಮ್ಮ ಮಾತೂ ಎರಡೂ ಸರಿ ಅಂತ ಗೊತ್ತಾಗ್ತದೆ.

ಟೀವಿಲಿ ಹೇಳೋ ಮ್ಯಾಗ್ನಿಟ್ಯೂಡ್ ನಂಬರು ಭೂಮಿ ಒಳಗೆ ಬಂಡೆ ಜಾರಿದ ಜಾಗದ್ದು, ಅಲ್ಲಿ ಎಷ್ಟು ಶಕ್ತಿ ಹೊರಗೆ ಬಂತು ಅನ್ನೋದರ ಲೆಕ್ಕ. ಅದು ಒಂದು ಕಂಪನಕ್ಕೆ ಒಂದೇ ಇರ್ತದೆ. ನೆಲ ಅಲುಗಾಡಿದ್ದು ಮಾತ್ರ ಊರೂರಿಗೆ, ಕೆಲವು ಸಲ ಮನೆಮನೆಗೆ ಬೇರೆ. ಅದನ್ನ ಇಂಜಿನಿಯರ್‌ಗಳು ಗುರುತ್ವಾಕರ್ಷಣೆಯ ವೇಗೋತ್ಕರ್ಷ ಇದೆಯಲ್ಲ, ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಅದರಲ್ಲಿ ಎಷ್ಟು ಪಾಲು ಅಂತ ಅಳೀತಾರೆ. ಅದಕ್ಕೆ "ಜಿ" ಅಂತಾರೆ. ನೆಲದ ಅಲುಗಾಟ ಅತಿ ಜೋರಾದ ಕ್ಷಣದ ಬೆಲೆಗೆ ಪಿಜಿಎ ಅಂತ ಹೆಸರು. 0.01 ಜಿಗಿಂತ ಕಡಿಮೆ ಇದ್ರೂ ಸುಮ್ಮನೆ ಕೂತವರಿಗೆ ಗೊತ್ತಾಗ್ತದೆ, 0.1 ಜಿ ದಾಟಿದ್ರೆ ಸರಿಯಾಗಿ ಕಟ್ಟದ ಮನೆಗಳ ಬಗ್ಗೆ ಯೋಚನೆ ಮಾಡ್ಬೇಕಾಗ್ತದೆ.

ಎಲ್ಲ ಮನೆ ಅಂಗಳದಲ್ಲಿ ಮಿಷನ್ ಇಡೋಕಾಗಲ್ಲ, ಅದಕ್ಕೇ ಪ್ರಪಂಚದ ಬೇರೆಬೇರೆ ಕಡೆ ಮಿಷನ್‌ಗಳು ಬರೆದುಕೊಂಡ ಸಾವಿರಾರು ದಾಖಲೆಗಳನ್ನ ಸೇರಿಸಿ ಒಂದು ಸೂತ್ರ ಮಾಡ್ತಾರೆ. ಗ್ರೌಂಡ್ ಮೋಷನ್ ಮಾಡೆಲ್ ಅಂದ್ರೆ ಅದೇ, ಜಿಎಂಪಿಇ ಅಂತಲೂ ಹೇಳ್ತಾರೆ. ಅದಕ್ಕೆ ಮುಖ್ಯವಾಗಿ ಮೂರು ವಿಷಯ ಕೊಡ್ಬೇಕು: ಮ್ಯಾಗ್ನಿಟ್ಯೂಡ್ ಎಷ್ಟು, ಜಾರಿದ ಜಾಗದಿಂದ ನೀವೆಷ್ಟು ದೂರ, ನಿಮ್ಮ ಕಾಲಡಿ ಮಣ್ಣು ಎಂಥದ್ದು. ದೂರ ಅಂದ್ರೆ ಮ್ಯಾಪಲ್ಲಿ ಕಾಣೋ ದೂರ ಒಂದೇ ಅಲ್ಲ, ಆಳವೂ ಸೇರಿ. ಕಂಪನ 10 ಕಿ.ಮೀ. ಆಳದಲ್ಲಿ ಆಯ್ತು, ನೀವು ಸರಿಯಾಗಿ ಅದರ ನೆತ್ತಿ ಮೇಲೆ ಇದ್ದೀರಿ ಅಂತ ಇಟ್ಕೊಳ್ಳಿ, ನಿಮ್ಗೆ ದೂರ 10 ಕಿ.ಮೀ. ಭಾವ 20 ಕಿ.ಮೀ. ಆಚೆ ಇದ್ರೆ ಅವ್ರಿಗೆ ಸುಮಾರು 22. ಅಲೆ ಹರಡ್ತಾ ಹೋದ ಹಾಗೆ ದೂರಕ್ಕೆ ತಕ್ಕಂತೆ ಸೊರಗ್ತದೆ, ಅಷ್ಟರಲ್ಲೇ ಅಲ್ಲಿ ಅಲುಗಾಟ ನಿಮ್ಮಲ್ಲಾದ ಅರ್ಧಕ್ಕಿಂತ ಕಡಿಮೆ ಆಯ್ತು. ಮೇಲೆ ಅವ್ರು ಬೈಕಲ್ಲಿ ಹೋಗ್ತಾ ಇದ್ರೋ, ಪೇಟೆಯಲ್ಲಿ ಗಲಾಟೆ ಮಧ್ಯೆ ಇದ್ರೋ, ಗೊತ್ತಾಗದೇ ಇರೋದು ಸಹಜ.

ಇನ್ನು ಆ ಶಬ್ದ. ಪುತ್ತರಿಗೆ ಕದಿರು ತೆಗೆಯುವಾಗ ಗುಂಡು ಹಾರಿಸ್ತಾರಲ್ಲ, ಗದ್ದೆಯಲ್ಲೇ ನಿಂತವರಿಗೆ ಕಿವಿ ಸೀಳಿದ ಹಾಗೆ ಕೇಳಿಸ್ತದೆ, ಎರಡು ಗುಡ್ಡ ಆಚೆ ಇರೋರಿಗೆ ಬರೀ "ದುಪ್" ಅಂತದೆ. ನೆಲದಲ್ಲೂ ಹಾಗೇ, ಚುರುಕಾದ ಸಣ್ಣ ಕಂಪನಗಳು ದಾರಿಯಲ್ಲೇ ಬೇಗ ಸತ್ತುಹೋಗ್ತವೆ, ನಿಧಾನದವು ದೂರ ಹೋಗ್ತವೆ. ಮ್ಯಾಗ್ನಿಟ್ಯೂಡ್ 3ರ ಆಸುಪಾಸಿನ ಕಂಪನದಲ್ಲಿ ಇರೋದೇ ಹೆಚ್ಚಾಗಿ ಚುರುಕಿನವು, ಅದಕ್ಕೇ ಹತ್ತಿರದವರಿಗೆ ಶಬ್ದ, ಪಾತ್ರೆ ಗಡಗಡ, ಕೆಲವೇ ಸೆಕೆಂಡಲ್ಲಿ ಮುಗೀತು. ಮನೆ ಬೀಳಿಸುವಂಥ ಉದ್ದನೆಯ ತೂಗಾಟ ಅದರಲ್ಲಿ ಇರಲ್ಲ. 3ಕ್ಕೂ 6ಕ್ಕೂ ಶಕ್ತಿಯಲ್ಲಿ ಮೂವತ್ತು ಸಾವಿರ ಪಟ್ಟು ವ್ಯತ್ಯಾಸ ಇದೆ ಅನ್ನೋದನ್ನೂ ಮನಸ್ಸಲ್ಲಿಡಿ.

ಒಂದು ಲೆಕ್ಕ ಮಾಡಿಯೇ ತೋರಿಸ್ತೇನೆ. ದಕ್ಷಿಣ ಭಾರತಕ್ಕೆ ಅಂತಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಎನ್. ಅಯ್ಯಂಗಾರ್, ಎಸ್. ಟಿ. ಜಿ. ರಘುಕಾಂತ್ 2004ರಲ್ಲಿ ಒಂದು ಸೂತ್ರ ಕೊಟ್ಟಿದ್ದಾರೆ. ಅದರಲ್ಲಿ 6ರ ಕಂಪನ ಹಾಕಿ ನೋಡಿದ್ರೆ ಗಟ್ಟಿ ಬಂಡೆ ಮೇಲೆ 20 ಕಿ.ಮೀ. ದೂರದಲ್ಲಿ ಸುಮಾರು 0.28 ಜಿ ಬರ್ತದೆ, 40 ಕಿ.ಮೀ.ಗೆ 0.13, 100 ಕಿ.ಮೀ.ಗೆ 0.04. ಈಗ 1900ರ ಫೆಬ್ರವರಿ 8ರ ಕೊಯಮತ್ತೂರು ಭೂಕಂಪ ತಗೊಳ್ಳಿ, ಸುಮಾರು 6ರದ್ದು, ದಕ್ಷಿಣ ಭಾರತದ ಬಹುಭಾಗಕ್ಕೆ ಗೊತ್ತಾಗಿತ್ತು. ಅಲ್ಲಿಂದ ಮಡಿಕೇರಿಗೆ ನೇರ ಗೆರೆ ಎಳೆದ್ರೆ ಇನ್ನೂರು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಸೂತ್ರ ಹೇಳೋದು 0.013 ಜಿ. ಅಂದ್ರೆ ಮಡಿಕೇರಿಯ ಬಂಡೆ ಮೇಲೆ ಕೂತವರಿಗೆ ಗೊತ್ತಾಗುವಷ್ಟು, ಗೋಡೆ ಬೀಳುವಷ್ಟಲ್ಲ. ನೂರಿಪ್ಪತ್ತು ವರ್ಷ ಹಿಂದೆ ಮಿಷನ್ನೇ ಇಲ್ಲದ ಊರಲ್ಲಿ ಏನಾಗಿರಬಹುದು ಅಂತ ಒಂದು ಕಾಗದದ ಚೂರಲ್ಲಿ ಲೆಕ್ಕ ಹಾಕಬಹುದು ಅನ್ನೋದು ನನಗೆ ಇವತ್ತಿಗೂ ಬಹಳ ದೊಡ್ಡ ವಿಷಯ ಅನ್ನಿಸ್ತದೆ.

ಆದ್ರೆ ಇದೇ ಸೂತ್ರಕ್ಕೆ ನಿಮ್ಮ ಚೆಂಬುವಿನ ಸಣ್ಣ ಕಂಪನ ಹಾಕ್ಬೇಡಿ. ಅದನ್ನ ಮಾಡಿರೋದು 4ರಿಂದ ಮೇಲಿನವಕ್ಕೆ. ಕ್ಯಾಲ್ಕುಲೇಟರ್ ಏನೋ ಒಂದು ನಂಬರ್ ಕೊಡ್ತದೆ, ಅದಕ್ಕೆ ಬೆಲೆ ಇಲ್ಲ.

ಪ್ರಶ್ನೆ (ಕುಶಾಲನಗರ, ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿನಿ): ಸರ್, ಫೈನಲ್ ಇಯರ್ ಪ್ರಾಜೆಕ್ಟಿಗೆ ನಮ್ಮ ಜಿಲ್ಲೆಯ ಪಿಜಿಎ ತೆಗೀತಾ ಇದ್ದೇನೆ. ಅಮೆರಿಕದ ಎನ್‌ಜಿಎ ವೆಸ್ಟ್ 2 ಸೂತ್ರದಲ್ಲಿ ಒಂದು ಉತ್ತರ, ನಮ್ಮ ದೇಶದ ಸೂತ್ರದಲ್ಲಿ ಇನ್ನೊಂದು ಉತ್ತರ ಬರ್ತಾ ಇದೆ, ವ್ಯತ್ಯಾಸ ತುಂಬಾ ಇದೆ. ಯಾವುದು ಸರಿ ಅಂತ ಗೈಡ್ ಕೇಳ್ತಿದ್ದಾರೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿಬಿಡ್ಲಾ?

ಉತ್ತರ: ಭಾಗಿಸೋ ಮೊದ್ಲು ಎರಡರಲ್ಲೂ ಒಂದೇ ವಿಷಯ ಕೊಟ್ಟಿದ್ದೀಯಾ ಅಂತ ನೋಡಮ್ಮ. ಅರ್ಧ ಗೊಂದಲ ಅಲ್ಲೇ ಇರ್ತದೆ. ಮೇಲೆ ಹೇಳಿದ ನಮ್ಮ 2004ರ ಸೂತ್ರ ಕೇಳೋದು ಭೂಮಿ ಒಳಗೆ ಬಂಡೆ ಜಾರೋಕೆ ಶುರುವಾದ ಬಿಂದು, ಅಂದ್ರೆ ಹೈಪೋಸೆಂಟರ್‌ನಿಂದ ದೂರ, ಎನ್‌ಜಿಎ ಸೂತ್ರಗಳು ಕೇಳೋದು ಬಿರುಕು ಬಿಟ್ಟ ಇಡೀ ಸಮತಲದಿಂದ ಅತಿ ಹತ್ತಿರದ ದೂರ, ಇಲ್ಲಾಂದ್ರೆ ಆ ಸಮತಲವನ್ನ ನೇರ ಮೇಲಕ್ಕೆ ನೆಲದ ಮೇಲ್ಮೈಗೆ ತಂದು ಅಲ್ಲಿಂದ ಅಳೆದ ದೂರ. ಹತ್ತಿರದ ಜಾಗಕ್ಕೆ ಈ ಮೂರೂ ಬೇರೆಬೇರೆ. ಆಮೇಲೆ 2004ರದ್ದು ಬಂಡೆಗೆ, ಎನ್‌ಜಿಎಯಲ್ಲಿ ಮೇಲಿನ 30 ಮೀಟರ್ ಮಣ್ಣಲ್ಲಿ ಶಿಯರ್ ಅಲೆಯ (ನೆಲವನ್ನ ಅಡ್ಡಡ್ಡ ಅಲುಗಿಸೋ ಅಲೆ) ಸರಾಸರಿ ವೇಗ, ಅದೇ ವಿಎಸ್ 30, ನೀನೇ ಕೊಡ್ಬೇಕು. ಒಂದಕ್ಕೆ ಬಂಡೆ, ಇನ್ನೊಂದಕ್ಕೆ ಮೆತ್ತನೆ ಮಣ್ಣು ಕೊಟ್ಟು ಹೋಲಿಸಿದ್ರೆ ಅದು ಹೋಲಿಕೆಯೇ ಅಲ್ಲ. ನ್ಯಾಚುರಲ್ ಲಾಗ್ ಇರೋ ಕಡೆ ಬೇಸ್ 10 ಲಾಗ್ ಹಾಕಿದ್ರೂ ಉತ್ತರ ಎಲ್ಲಿಗೋ ಹೋಗ್ತದೆ, ಎಕ್ಸೆಲ್‌ನಲ್ಲಿ ಅದನ್ನೊಮ್ಮೆ ನೋಡು.

ಇದೆಲ್ಲ ಸರಿ ಮಾಡಿದ ಮೇಲೂ ವ್ಯತ್ಯಾಸ ಉಳೀತದೆ, ಅದು ನಿಜವಾದ ವ್ಯತ್ಯಾಸ. ಎನ್‌ಜಿಎ ವೆಸ್ಟ್ 2 ಅಂದ್ರೆ 2014ರಲ್ಲಿ ಐದು ತಂಡಗಳು ಕೊಟ್ಟ ಐದು ಮಾಡೆಲ್‌ಗಳು, ದಾಖಲೆಗಳು ಕ್ಯಾಲಿಫೋರ್ನಿಯಾ, ತೈವಾನ್, ಜಪಾನ್, ಟರ್ಕಿ ತರದ ಜಾಗಗಳಿಂದ ಬಂದದ್ದು. ಅಲ್ಲಿ ನೆಲ ಒಡೆದು ಬಿಸಿಯಾಗಿ ಸದಾ ಕೆಲಸ ಮಾಡ್ತಾ ಇರ್ತದೆ, ಅಲೆ ಬೇಗ ಸೊರಗ್ತದೆ. ನಮ್ಮ ಕೆಳಗೆ ಇರೋದು ನೂರಾರು ಕೋಟಿ ವರ್ಷ ಹಳೇ, ತಣ್ಣಗಾದ, ಗಟ್ಟಿ ಬಂಡೆ, ಅದರಲ್ಲಿ ಅಲೆ ದೂರದೂರ ಹೋಗ್ತದೆ. ಆದ್ದರಿಂದ ಹೊರಗಿನ ಸೂತ್ರ ತಂದು ಇಲ್ಲಿಗೆ ಹಾಕಿದ್ರೆ ದೂರದ ಊರುಗಳಲ್ಲಿ ಅಲುಗಾಟ ಕಡಿಮೆ ಅಂತ ಹೇಳುವ ಅಪಾಯ ಇದೆ.

ಹಾಗಂತ ನಮ್ಮ ಸೂತ್ರವನ್ನೇ ಕಣ್ಣು ಮುಚ್ಚಿ ನಂಬು ಅಂತಲೂ ಹೇಳಲ್ಲ, ಅದರ ಕತೆ ನಿನಗೆ ಗೊತ್ತಿರ್ಬೇಕು. ದಖ್ಖನ್ ಪ್ರಸ್ಥಭೂಮಿಯಲ್ಲಿ ದೊಡ್ಡ ಭೂಕಂಪ ಆದಾಗ ಹತ್ತಿರದಲ್ಲಿ ಬರೆದುಕೊಂಡ ದಾಖಲೆ ಬೆರಳೆಣಿಕೆಯಷ್ಟೂ ಇಲ್ಲ. 1967ರ ಡಿಸೆಂಬರ್ 11ರ ಮಹಾರಾಷ್ಟ್ರದ ಕೊಯ್ನಾ ಭೂಕಂಪದಲ್ಲಿ ಅಣೆಕಟ್ಟಿನ ಒಳಗಿನ ಗ್ಯಾಲರಿಯಲ್ಲಿದ್ದ ಮಿಷನ್ 0.63 ಜಿ ತೋರಿಸಿತು, ಅದೂ ಡ್ಯಾಮಿನ ಒಳಗೆ, ಬಯಲು ನೆಲದ ಮೇಲಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿಯಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಜನ ಸತ್ತರು, ಆ ಮುಖ್ಯ ಕಂಪನವನ್ನ ಊರ ಹತ್ತಿರ ಬರೆದುಕೊಳ್ಳಲಿಕ್ಕೆ ಒಂದೇ ಒಂದು ಮಿಷನ್ ಇರ್ಲಿಲ್ಲ. ಅಷ್ಟು ಜೀವ ಹೋಗಿ, ಮುಂದಿನವರಿಗೆ ಕಲೀಲಿಕ್ಕೆ ಒಂದು ಗೆರೆಯೂ ಉಳೀಲಿಲ್ಲ ಅನ್ನೋದು ನನಗೆ ಯಾವತ್ತೂ ನೋವಿನ ವಿಷಯ. ಹಾಗಾಗಿ ಅಯ್ಯಂಗಾರ್, ರಘುಕಾಂತ್ ಅವ್ರು ಮಾಡಿದ್ದೇನಂದ್ರೆ, ಇಲ್ಲಿನ ಬಂಡೆಯ ಗುಣ, ಅಲೆ ಸೊರಗುವ ರೀತಿ ಇವನ್ನೆಲ್ಲ ಹಾಕಿ ಕಂಪ್ಯೂಟರಿನಲ್ಲಿ ಕೃತಕ ಭೂಕಂಪಗಳನ್ನ ಹುಟ್ಟಿಸಿ, ಅವಕ್ಕೆ ಸೂತ್ರ ಕೂಡಿಸಿದ್ರು. 2007ರಲ್ಲಿ ಅದನ್ನೇ ಬೇರೆಬೇರೆ ಎತ್ತರದ ಕಟ್ಟಡ ಎಷ್ಟು ಅಲುಗಾಡ್ತದೆ ಅನ್ನೋ ಲೆಕ್ಕ, ಅಂದ್ರೆ ಸ್ಪೆಕ್ಟ್ರಲ್ ಆಕ್ಸಲರೇಶನ್‌ಗೂ ವಿಸ್ತರಿಸಿದ್ರು. ದಾಖಲೆ ಇಲ್ಲದ ನಾಡಿಗೆ ಇದು ತುಂಬ ಒಳ್ಳೆ ದಾರಿ.

ಈಗ ಸಿಗ್ಮಾ, ಅಂದ್ರೆ ಸೂತ್ರದ ಉತ್ತರ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಅಳತೆ. ಇದನ್ನ ಪ್ರಾಜೆಕ್ಟ್ ರಿಪೋರ್ಟಲ್ಲಿ ಬಿಟ್ಟುಬಿಡೋರೇ ಜಾಸ್ತಿ, ನೀನು ಬಿಡ್ಬೇಡ. ಸೂತ್ರ 0.10 ಜಿ ಅಂತ ಹೇಳಿದ್ರೆ ಅದು ಮಧ್ಯದ ಬೆಲೆ, ಅದೇ ಮ್ಯಾಗ್ನಿಟ್ಯೂಡ್ ಅದೇ ದೂರ ಅದೇ ಮಣ್ಣಲ್ಲೂ ಒಂದು ಸಲ ಕಡಿಮೆ ಒಂದು ಸಲ ಹೆಚ್ಚು ಆಗ್ತದೆ. ನಿಜವಾದ ದಾಖಲೆಗಳಿಂದ ಮಾಡಿದ ಮಾಡೆಲ್‌ಗಳಲ್ಲಿ ಸಿಗ್ಮಾ ನ್ಯಾಚುರಲ್ ಲಾಗ್‌ನಲ್ಲಿ ಸುಮಾರು 0.6, 0.7 ಇರ್ತದೆ, ಅಂದ್ರೆ ಹೆಚ್ಚುಕಮ್ಮಿ ಎರಡು ಪಟ್ಟು. 0.10 ಅಂದಿದ್ದು ಮೂರರಲ್ಲಿ ಎರಡು ಸಲ 0.05ರಿಂದ 0.20ರ ಒಳಗೆ ಬರ್ತದೆ, ಉಳಿದ ಒಂದು ಸಲ ಅದರಿಂದಲೂ ಹೊರಗೆ. 2004ರ ಸೂತ್ರದಲ್ಲಿ ಸಿಗ್ಮಾ ಸುಮಾರು 0.31 ಅಷ್ಟೇ. ಕೃತಕ ಭೂಕಂಪಗಳಿಂದ ಬಂದದ್ದಕ್ಕೆ ಹಾಗೆ ಚಿಕ್ಕದಾಗಿದೆ, ನಿಜವಾದ ನೆಲ ಅಷ್ಟು ಶಿಸ್ತಾಗಿ ಇರ್ಲಿಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ, ನಿನ್ನ ಗೈಡ್ ಹತ್ರ ಈ ವಿಷಯ ಎತ್ತಿ ನೋಡು.

ಹಾಗಾದ್ರೆ ಏನು ಮಾಡೋದು? ಲಾಜಿಕ್ ಟ್ರೀ ಮಾಡು. ನಮ್ಮ ತರದ ಗಟ್ಟಿ ಖಂಡಭಾಗಕ್ಕೆ ಮಾಡಿದ ಎರಡು ಮೂರು ಮಾಡೆಲ್ ತಗೋ, ಎನ್‌ಜಿಎ ಈಸ್ಟ್, ಅಂದ್ರೆ ಉತ್ತರ ಅಮೆರಿಕದ ಪೂರ್ವದ ಗಟ್ಟಿ ನೆಲಕ್ಕೆ ಮಾಡಿದ್ದು, ಅದನ್ನೂ ನೋಡು, ಒಂದೊಂದಕ್ಕೆ ಯಾಕೆ ಇಷ್ಟು ತೂಕ ಕೊಟ್ಟೆ ಅಂತ ಕಾರಣ ಬರಿ, ಎಲ್ಲದರ ಉತ್ತರವನ್ನೂ ಬಿಡಿಬಿಡಿಯಾಗಿ ತೋರಿಸು. ಓಪನ್‌ಕ್ವೇಕ್ ಅಂತ ಸಾಫ್ಟ್‌ವೇರ್ ಇದೆ, ಫ್ರೀ, ಈ ಮಾಡೆಲ್‌ಗಳು ತುಂಬಾ ಅದರೊಳಗೇ ಇವೆ. ಎರಡರಿಂದ ಭಾಗಿಸಿದ ಒಂದು ನಂಬರಿಗಿಂತ, ಇಷ್ಟರಿಂದ ಇಷ್ಟರ ತನಕ ಅಂತ ಹೇಳುವ ರಿಪೋರ್ಟು ಮೇಲು.

ಪ್ರಶ್ನೆ (ಸೋಮವಾರಪೇಟೆ): ನಾಳೆ ರಾತ್ರಿ ಕೊಡಗಲ್ಲಿ ಭೂಕಂಪ ಆಗ್ತದೆ ಅಂತ ಗ್ರೂಪಲ್ಲಿ ಆಡಿಯೋ ಬಂದಿದೆ. ನಿಜವಾ?

ಉತ್ತರ: ಸುಳ್ಳು. ದಿನ, ಗಂಟೆ, ಊರು ಹೇಳುವ ವಿದ್ಯೆ ಪ್ರಪಂಚದಲ್ಲಿ ಯಾರ ಹತ್ರವೂ ಇಲ್ಲ. ಈ ಮಾಡೆಲ್‌ಗಳು ಹೇಳೋದು ಇಷ್ಟು ದೊಡ್ಡದು ಇಷ್ಟು ದೂರದಲ್ಲಿ ಆದ್ರೆ ನಿಮ್ಮಲ್ಲಿ ಎಷ್ಟು ಅಲುಗಾಡ್ತದೆ ಅಂತ, ಯಾವಾಗ ಆಗ್ತದೆ ಅಂತ ಅಲ್ಲ. ಆಡಿಯೋ ಡಿಲೀಟ್ ಮಾಡಿ, ಮನೇಲಿರೋ ವಯಸ್ಸಾದವ್ರಿಗೆ ಕೇಳಿಸ್ಬೇಡಿ.

ಪ್ರಶ್ನೆ (ನಾಪೋಕ್ಲು): ನಮ್ಮ ಮನೆ ಗದ್ದೆಗೆ ಮಣ್ಣು ತುಂಬಿಸಿ ಮಟ್ಟ ಮಾಡಿ ಕಟ್ಟಿದ್ದು. ಮೈದುನ ಮೇಲೆ ಬೆಟ್ಟದ ತುದಿಯಲ್ಲಿ ಕಟ್ಟಿದ್ದಾರೆ. ಭೂಕಂಪಕ್ಕೆ ಬೆಟ್ಟದ ಮನೆಯೇ ಅಪಾಯ, ಗದ್ದೆ ಮನೆ ಸೇಫ್ ಅಂತ ಯಜಮಾನ್ರು ಹೇಳ್ತಾರೆ. ಹೌದಾ?

ಉತ್ತರ: ಅಕ್ಕ, ಸಾಮಾನ್ಯವಾಗಿ ಅದು ಉಲ್ಟಾ. ಅಲೆ ಗಟ್ಟಿ ಬಂಡೆಯಲ್ಲಿ ಜೋರಾಗಿ ಓಡಿಬಂದು ಮೆತ್ತನೆ ಮಣ್ಣಿಗೆ ನುಗ್ಗಿದಾಗ ವೇಗ ಕಡಿಮೆ ಆಗ್ತದೆ, ಶಕ್ತಿ ಎಲ್ಲೋ ಹೋಗ್ಬೇಕಲ್ಲ, ಅಲುಗಾಟ ದೊಡ್ಡದಾಗ್ತದೆ. ಶಿಯರ್ ಅಲೆಯ ವೇಗ ಬಂಡೆಯಲ್ಲಿ ಸೆಕೆಂಡಿಗೆ 760 ಮೀಟರ್ ಮೇಲೆ ಇರ್ತದೆ, ತೀರಾ ಮೆತ್ತನೆ ಕೆಸರು ಮಣ್ಣಲ್ಲಿ 180ಕ್ಕಿಂತ ಕೆಳಗೆ. ಗದ್ದೆಯ ಹಳೇ ಕೆಸರು, ಅದರ ಮೇಲೆ ಜೆಸಿಬಿಯಲ್ಲಿ ಸುರಿದ ಮಣ್ಣು ಇದ್ರೆ ನಿಮ್ದು ಮೆತ್ತನೆ ಕಡೆಗೇ ಬರ್ತದೆ.

ಇದು ಎಷ್ಟು ವ್ಯತ್ಯಾಸ ಮಾಡ್ತದೆ ಅಂತ ಗೊತ್ತಾಗ್ಬೇಕಂದ್ರೆ 1985ರ ಸೆಪ್ಟೆಂಬರ್ 19ರ ಮೆಕ್ಸಿಕೋ ನೋಡಿ. ಭೂಕಂಪ ಆಗಿದ್ದು ಮೆಕ್ಸಿಕೋ ಸಿಟಿಯಿಂದ ಮುನ್ನೂರೈವತ್ತು ಕಿ.ಮೀ.ಗೂ ಆಚೆ ಕರಾವಳಿಯಲ್ಲಿ. ಸಿಟಿಯಲ್ಲಿ ಗಟ್ಟಿ ನೆಲದ ಮೇಲೆ ಅಳೆದದ್ದು 0.03, 0.04 ಜಿ. ಹಳೇ ಕೆರೆ ಒಣಗಿಸಿ ಊರು ಮಾಡಿದ ಜಾಗದಲ್ಲಿ 0.17 ಜಿ. ಒಂದೇ ಊರು, ನಾಲ್ಕೈದು ಪಟ್ಟು. ಅಷ್ಟೇ ಅಲ್ಲ, ಆ ಕೆಸರು ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗ್ತಾ ಇತ್ತು, ಅದಕ್ಕೆ ತಾಳ ಕೂಡುವಂಥ ಎತ್ತರದ ಕಟ್ಟಡಗಳೇ ಹೆಚ್ಚು ಬಿದ್ದವು. ನಮ್ಮಲ್ಲಿ 2001ರ ಜನವರಿ 26ರ ಭುಜ್ ಕಂಪನದಲ್ಲೂ ಇನ್ನೂರು ಕಿ.ಮೀ.ಗಿಂತ ದೂರದ ಅಹಮದಾಬಾದಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದವು, ಅಲ್ಲಿ ದಾಖಲಾದದ್ದು ಸುಮಾರು 0.11 ಜಿ ಮಾತ್ರ.

ನಿಮ್ಮ ಮೈದುನನವ್ರಿಗೂ ಒಂದು ಮಾತು. ಚೂಪಾದ ಬೆಟ್ಟದ ತುದಿಯಲ್ಲೂ ಅಲೆ ಒಟ್ಟುಗೂಡಿ ಅಲುಗಾಟ ಹೆಚ್ಚಾಗೋದುಂಟು, ಹೆಚ್ಚಿನ ಸೂತ್ರಗಳು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಬರೆ (ಕಡಿದಾದ ಮಣ್ಣಿನ ಇಳಿಜಾರು) ಕಡಿದು ಅಂಚಿಗೆ ತಾಗಿಸಿ ಕಟ್ಟಿದ್ರೆ ಅದು ಬೇರೆಯೇ ಸಮಸ್ಯೆ.

ನಿಮ್ಮ ಜಾಗದ ಮಣ್ಣು ಹೇಗಿದೆ ಅಂತ ಪರೀಕ್ಷೆ ಮಾಡಿಸಬಹುದು. ನೆಲಕ್ಕೆ ಉದ್ದಕ್ಕೆ ಜಿಯೋಫೋನ್ ಅಂತ ಸಣ್ಣಸಣ್ಣ ಮಿಷನ್ ಚುಚ್ಚಿ ಸಾಲು ಮಾಡ್ತಾರೆ, ಒಂದು ಕೊನೆಯಲ್ಲಿ ಲೋಹದ ಪ್ಲೇಟ್ ಇಟ್ಟು ದೊಡ್ಡ ಸುತ್ತಿಗೆಯಲ್ಲಿ ಹೊಡೀತಾರೆ, ಆ ಪೆಟ್ಟು ಸಾಲಿನ ಆಚೆ ಕೊನೆಗೆ ತಲುಪೋದು ನೋಡಿ ಒಳಗಿನ ವೇಗ ಲೆಕ್ಕ ಹಾಕ್ತಾರೆ. ನಾಲ್ಕು ರೂಮಿನ ಮನೆಗೆ ಇದು ದುಬಾರಿ ಅನ್ನಿಸಿದ್ರೆ ಮಣ್ಣು ಕೊರೆದು ನೋಡುವ ಸಾದಾ ಪರೀಕ್ಷೆಯಾದ್ರೂ ಮಾಡಿಸಿ. ತುಂಬಿಸಿದ ಮಣ್ಣು ಎಷ್ಟು ಆಳ ಇದೆ, ಪಾಯ ಅದನ್ನ ದಾಟಿ ಗಟ್ಟಿ ನೆಲಕ್ಕೆ ಇಳಿದಿದೆಯಾ, ಅದು ಮೊದ್ಲು ಗೊತ್ತಾಗ್ಬೇಕು.

ಪ್ರಶ್ನೆ (ಮಕ್ಕಂದೂರು): 2018ರ ಆಗಸ್ಟಿನಲ್ಲಿ ನಮ್ಮ ಕಣ್ಣೆದುರೇ ಗುಡ್ಡ ಇಳೀತು. ಆವತ್ತಿಂದ ಚೂರು ನೆಲ ಅಲುಗಿದ್ರೂ ಮತ್ತೆ ಬರೆ ಬರ್ತದೆ ಅಂತ ಭಯ. ಸಣ್ಣ ಕಂಪನಕ್ಕೆ ಗುಡ್ಡ ಕುಸೀತದಾ?

ಉತ್ತರ: ನಿಮ್ಮ ಭಯ ಅರ್ಥ ಆಗ್ತದೆ, ಆ ಮಳೆಗಾಲ ನೋಡಿದವರಿಗೆ ಅದು ಹೋಗುವಂಥದ್ದಲ್ಲ. ಆದ್ರೆ ಆ ಸಲದ ಕುಸಿತಕ್ಕೆ ಮುಖ್ಯ ಕಾರಣ ಎಡೆಬಿಡದೆ ಸುರಿದ ಮಳೆ, ಅದರ ಜೊತೆ ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಅಂತ ಇಳಿಜಾರು ಕಡಿದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಹೀಗೇ ಹೇಳಿದ್ದು. ಪ್ರಪಂಚದ ಬೇರೆಬೇರೆ ಕಡೆಯ ದಾಖಲೆ ಸೇರಿಸಿ 1984ರಲ್ಲಿ ಡೇವಿಡ್ ಕೀಫರ್ ಮಾಡಿದ ಅಧ್ಯಯನದಲ್ಲಿ, ಕುಸಿತ ಉಂಟುಮಾಡುವ ಅತಿ ಚಿಕ್ಕ ಭೂಕಂಪ ಸುಮಾರು 4ರದ್ದು ಅಂತ ಕಂಡುಬಂತು. ನಮ್ಮಲ್ಲಿ ಈಚೆಗೆ ಆದವು ಅದಕ್ಕಿಂತ ಕೆಳಗೆ.

ಆದ್ರೂ ಪೂರ್ತಿ ನಿಶ್ಚಿಂತೆ ಅಂತ ಹೇಳಲ್ಲ. ಮಣ್ಣು ನೀರು ಕುಡಿದು ಆಗಲೇ ಜಾರಲಿಕ್ಕೆ ತಯಾರಾಗಿರೋ ಬರೆಗೆ, ಒಣ ಬರೆಗೆ ಬೇಕಾದ್ದಕ್ಕಿಂತ ತುಂಬ ಕಡಿಮೆ ಅಲುಗಾಟ ಸಾಕು. ಎಷ್ಟು ಸಾಕು ಅನ್ನೋ ಲೆಕ್ಕಕ್ಕೂ ಇದೇ ಪಿಜಿಎ ಬೇಕು. ಜುಲೈ ಆಗಸ್ಟಿನಲ್ಲಿ ಕಂಪನ ಗೊತ್ತಾದ್ರೆ ಬರೆ ಮೇಲೆ ಹೊಸ ಬಿರುಕು ಬಂದಿದೆಯಾ, ಒರತೆ ನೀರು ಕೆಂಪಾಗಿ ಬರ್ತಾ ಇದೆಯಾ, ಮರ, ಕಂಬ ವಾಲಿದೆಯಾ ನೋಡಿ, ಹಾಗೇನಾದ್ರೂ ಕಂಡ್ರೆ ಮನೆ ಬಿಟ್ಟು ಪಂಚಾಯ್ತಿಗೆ ತಿಳಿಸಿ.

ಪ್ರಶ್ನೆ (ಮಡಿಕೇರಿ): ಎರಡು ಅಂತಸ್ತಿನ ಹೋಮ್‌ಸ್ಟೇ ಕಟ್ತಾ ಇದ್ದೇವೆ, ಕೆಳಗೆ ಪಿಲ್ಲರ್ ಮೇಲೆ ಬರೀ ಪಾರ್ಕಿಂಗ್. ನಮ್ಮಲ್ಲಿ ಭೂಕಂಪ ಇಲ್ಲ, ಲಿಂಟಲ್ ಸುತ್ತ ಪೂರ್ತಿ ಕಬ್ಬಿಣ ಯಾಕೆ ದಂಡಕ್ಕೆ ಅಂತ ಕಂಟ್ರಾಕ್ಟರ್ ಹೇಳ್ತಾರೆ. ಈ ಮಾಡೆಲ್ ಎಲ್ಲ ನಮ್ಮಂಥವರಿಗೆ ಏನು ಉಪಯೋಗ?

ಉತ್ತರ: ನಿಮ್ಮ ಬಿಲ್ಡಿಂಗಿಗೆ ಎಷ್ಟು ಕಬ್ಬಿಣ ಅನ್ನೋದರ ಹಿಂದೆ ಇರೋದೇ ಈ ತರದ ಅಂದಾಜು. ಭೂಕಂಪಕ್ಕೆ ಕಟ್ಟಡ ಹೇಗಿರ್ಬೇಕು ಅಂತ ಹೇಳೋ ದೇಶದ ಕೋಡ್ 2016ರ ಐಎಸ್ 1893, ಅದರ ಮ್ಯಾಪಲ್ಲಿ ಕರ್ನಾಟಕ ಇರೋದು ಜೋನ್ 2 ಮತ್ತು 3ರಲ್ಲಿ. ಜೋನ್ 2ಕ್ಕೆ 0.10, ಜೋನ್ 3ಕ್ಕೆ 0.16 ಅಂತ ಅಂಕಿ ಇದೆ, ಅಲ್ಲಿ ಲೆಕ್ಕಕ್ಕೆ ತಗೊಳ್ಳಬೇಕಾದ ಜೋರು ಅಲುಗಾಟ ಜಿಯಲ್ಲಿ ಎಷ್ಟು ಅಂತ. ಸೊನ್ನೆ ಅಂತ ದೇಶದಲ್ಲಿ ಯಾವ ಜೋನಿಗೂ ಇಲ್ಲ, ಹಾಗಾಗಿ "ನಮ್ಮಲ್ಲಿ ಇಲ್ಲ" ಅನ್ನೋ ಮಾತು ಕೋಡ್ ಪ್ರಕಾರವೇ ನಿಲ್ಲಲ್ಲ. ಮೇಲೆ ಹೇಳಿದ 2004ರ ಸೂತ್ರದಲ್ಲಿ 5ರ ಕಂಪನ 20 ಕಿ.ಮೀ. ದೂರದಲ್ಲಿ ಆದ್ರೂ ಬಂಡೆ ಮೇಲೆ 0.10 ಜಿ ಬರ್ತದೆ, ಮಣ್ಣಿದ್ರೆ ಇನ್ನೂ ಹೆಚ್ಚು.

ನನಗೆ ನಿಮ್ಮ ಲಿಂಟಲ್‌ಗಿಂತ ಪಾರ್ಕಿಂಗ್ ಬಗ್ಗೆ ಹೆಚ್ಚು ಚಿಂತೆ. ಮೇಲೆ ಗೋಡೆ ತುಂಬಿದ ಭಾರ, ಕೆಳಗೆ ಬರೀ ಕಂಬ, ಅಲುಗಾಡಿದಾಗ ಎಲ್ಲ ಬಾಗುವಿಕೆಯೂ ಆ ಕೆಳಗಿನ ಅಂತಸ್ತಿಗೇ ಬೀಳ್ತದೆ. ಅಹಮದಾಬಾದಲ್ಲಿ ಬಿದ್ದವು ಹೆಚ್ಚಾಗಿ ಇದೇ ತರದವು. ಅಲ್ಲಲ್ಲಿ ಎರಡೂ ದಿಕ್ಕಿಗೆ ಕಾಂಕ್ರೀಟ್ ಗೋಡೆ ಕೊಡಿ, ಕಂಬ ಮತ್ತು ಬೀಮ್ ಸೇರುವ ಕಡೆ ಉದ್ದ ಕಬ್ಬಿಣಕ್ಕೆ ಸುತ್ತುವ ರಿಂಗು ಹತ್ತಿರಹತ್ತಿರ ಕಟ್ಟಿಸಿ, ರಿಂಗಿನ ಕೊನೆ 135 ಡಿಗ್ರಿ ಒಳಗೆ ಬಗ್ಗಿಸಿರ್ಬೇಕು, ಕಾಂಕ್ರೀಟ್ ಹಾಕೋ ಮೊದ್ಲು ನೀವೇ ನಿಂತು ನೋಡಿ. ಕಲ್ಲಿನ ಇಲ್ಲಾ ಬ್ಲಾಕಿನ ಗೋಡೆ ಮೇಲೆ ನಿಲ್ಲೋ ಭಾಗ ಇದ್ರೆ ಲಿಂಟಲ್ ಬ್ಯಾಂಡ್ ಬಾಗಿಲು ಕಿಟಕಿ ಮೇಲೆ ಮಾತ್ರ ತುಂಡುತುಂಡಾಗಿ ಅಲ್ಲ, ಎಲ್ಲ ಗೋಡೆ ಸುತ್ತ ಬಿಡದೆ ಹೋಗ್ಬೇಕು, ಮೂಲೆಯಲ್ಲಿ ಕಬ್ಬಿಣ ತಿರುಗಿ ಬರ್ಬೇಕು. ಐಎಸ್ 4326ರಲ್ಲಿ ಬ್ಯಾಂಡಿನ ವಿವರ, ಐಎಸ್ 13920ರಲ್ಲಿ ರಿಂಗಿನ ವಿವರ ಇದೆ, ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಸಹಿ ಹಾಕಿದ ಡ್ರಾಯಿಂಗ್ ತಗೊಂಡು ಕಂಟ್ರಾಕ್ಟರ್ ಕೈಗೆ ಕೊಡಿ.

ಪ್ರಶ್ನೆ (ಕರಿಕೆ): ಮುಂದೆ ಮತ್ತೆ ನಡುಗಿದ್ರೆ ಯಾರಿಗೆ ಹೇಳ್ಬೇಕು? ನಮ್ಮಂಥವ್ರು ಹೇಳಿದ್ರೆ ಪ್ರಯೋಜನ ಉಂಟಾ?

ಉತ್ತರ: ತುಂಬಾ ಉಂಟು. ಮಿಷನ್ ಇಲ್ಲದ ಕಡೆ ಜನ ಹೇಳಿದ್ದೇ ದಾಖಲೆ, ಸೂತ್ರ ನಮ್ಮ ನೆಲಕ್ಕೆ ಹೊಂದ್ತದಾ ಅಂತ ಪರೀಕ್ಷೆ ಮಾಡೋದೂ ಅದರಿಂದಲೇ. ಗಂಟೆ, ನಿಮಿಷ ಬರೆದಿಡಿ. ಎಲ್ಲಿದ್ರಿ, ಮನೆ ಒಳಗಾ ಹೊರಗಾ, ಯಾವ ಅಂತಸ್ತು, ಕೂತಿದ್ರಾ ಮಲಗಿದ್ರಾ, ಶಬ್ದ ಮೊದ್ಲು ಬಂತಾ ಅಲುಗಾಟ ಮೊದ್ಲಾ, ಎಷ್ಟು ಹೊತ್ತು, ನೇತಾಡುವ ಬಲ್ಬ್ ತೂಗಿತಾ, ಪಾತ್ರೆ ಬಿತ್ತಾ, ಗೋಡೆಯಲ್ಲಿ ಹೊಸ ಬಿರುಕು ಇದ್ರೆ ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ವೆಬ್‌ಸೈಟಲ್ಲೂ ಅವರ ಭೂಕಂಪ್ ಆಪಲ್ಲೂ ಹೇಳಬಹುದು, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೂ ತಿಳಿಸಿ. ಏನೂ ಗೊತ್ತಾಗಲಿಲ್ಲ ಅಂದ್ರೆ ಅದನ್ನೂ ಹೇಳಿ, ಚೆಂಬುವಿನಲ್ಲಿ ಪಾತ್ರೆ ಗಡಗಡ ಅಂದು ಮಡಿಕೇರಿಯಲ್ಲಿ ಗೊತ್ತೇ ಆಗ್ಲಿಲ್ಲ ಅನ್ನೋ ಎರಡು ಮಾತು ಸೇರಿದ್ರೇನೇ ಅಲೆ ನಮ್ಮ ಬಂಡೆಯಲ್ಲಿ ಎಷ್ಟು ಬೇಗ ಸೊರಗ್ತದೆ ಅಂತ ಲೆಕ್ಕ ಸಿಗೋದು.